ಯೀಸ್ಟ್ ಕೋಶಚಕ್ರ, ಸೈಕ್ಲಿನ್ ಮತ್ತು ಕೈನೇಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಶಚಕ್ರ ಎಂದರೆ ಒಂದು ಕೋಶ ಬೆಳೆದು, ತನ್ನ ಡಿಎನ್‌ಎಯನ್ನು ನಕಲಿಸಿಕೊಂಡು ಎರಡಾಗುವ ಸುತ್ತು. ಅದರ ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳು ನನ್ನ ಬಳಿ ತರುವ ಪ್ರಶ್ನೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲ. ಹೆಸರುಗಳ ಕಾಡಿನಲ್ಲಿ ದಾರಿ ತಪ್ಪಿತು ಎನ್ನುವವರೇ ಬಹಳ. ಆ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಮೊದಲಿನಿಂದ ಓದಿಕೊಂಡು ಬಂದರೆ ಒಂದು ಎಳೆ ಕೈಗೆ ಸಿಗುತ್ತದೆ. ಬೇಕಾದ ಪ್ರಶ್ನೆಗೇ ನೇರವಾಗಿ ಹೋದರೂ ಅಡ್ಡಿಯಿಲ್ಲ.

ಸೈಕ್ಲಿನ್ ಎಂದರೇನು, ಕೈನೇಸ್ ಎಂದರೇನು? ಎರಡನ್ನೂ ಯಾವಾಗಲೂ ಜೋಡಿಯಾಗಿ ಏಕೆ ಹೇಳುತ್ತಾರೆ?

ಕೈನೇಸ್ ಒಂದು ಕಿಣ್ವ. ಕೋಶದ ಇಂಧನ ಅಣುವಾದ ಎಟಿಪಿಯಿಂದ ಒಂದು ಫಾಸ್ಫೇಟನ್ನು ಕಿತ್ತು ಬೇರೊಂದು ಪ್ರೋಟೀನಿನ ಮೇಲೆ ಕೂರಿಸುವುದು ಅದರ ಕೆಲಸ. ಇಷ್ಟು ಚಿಕ್ಕ ಗುರುತು ಬಿದ್ದರೆ ಸಾಕು, ಆ ಪ್ರೋಟೀನಿನ ಆಕಾರ ಬದಲಾಗಬಹುದು, ಅದರ ಜೊತೆಗಾರರು ಬದಲಾಗಬಹುದು, ಅದು ಕೋಶಕೇಂದ್ರದಿಂದ ಹೊರಗೆ ಹೋಗಬಹುದು, ಇಲ್ಲವೇ ಅದರ ಆಯುಷ್ಯವೇ ಮುಗಿಯಬಹುದು.

ಕೋಶಚಕ್ರವನ್ನು ನಡೆಸುವ ಮುಖ್ಯ ಕೈನೇಸ್ ಒಂಟಿಯಾಗಿರುವಾಗ ಕೆಲಸಕ್ಕೆ ಬಾರದು. ಅದರ ಸಕ್ರಿಯ ಸ್ಥಾನ ಸರಿಯಾಗಿ ಜೋಡಣೆಯಾಗಿರುವುದಿಲ್ಲ, ಒಂದು ಪ್ರೋಟೀನ್ ಸುರುಳಿ ಅದರ ಬಾಯಿಗೆ ಅಡ್ಡವಾಗಿರುತ್ತದೆ. ಸೈಕ್ಲಿನ್ ಬಂದು ಅಂಟಿಕೊಂಡಾಗ ಆ ಸುರುಳಿ ಪಕ್ಕಕ್ಕೆ ಸರಿದು ಕಿಣ್ವ ಎಚ್ಚರಗೊಳ್ಳುತ್ತದೆ. ಆದ್ದರಿಂದಲೇ ಅದಕ್ಕೆ ಸೈಕ್ಲಿನ್ ಅವಲಂಬಿತ ಕೈನೇಸ್, ಚಿಕ್ಕದಾಗಿ ಸಿಡಿಕೆ, ಎಂಬ ಹೆಸರು. ಸೈಕ್ಲಿನ್ ಬರೀ ಎಬ್ಬಿಸುವುದಿಲ್ಲ. ಯಾವ ಪ್ರೋಟೀನಿನ ಮೇಲೆ ಗುರುತು ಹಾಕಬೇಕು ಎಂಬುದನ್ನೂ ಅದು ಬಹಳ ಮಟ್ಟಿಗೆ ತೀರ್ಮಾನಿಸುತ್ತದೆ.

ಇಡೀ ವಿಷಯದ ಬೀಜ ಮುಂದಿನ ಮಾತಿನಲ್ಲಿದೆ: ಯೀಸ್ಟ್ ಕೋಶದಲ್ಲಿ ಕೈನೇಸಿನ ಪ್ರಮಾಣ ಚಕ್ರದುದ್ದಕ್ಕೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಏರುವುದು, ಇಳಿಯುವುದು ಸೈಕ್ಲಿನ್‌ಗಳು.

ಇದನ್ನೆಲ್ಲ ಕಲಿಯಲು ಯೀಸ್ಟೇ ಏಕೆ ಬೇಕು?

ಯೀಸ್ಟ್ ಒಂದೇ ಕೋಶದ ಜೀವಿಯಾದರೂ ಅದಕ್ಕೆ ನಮ್ಮ ಕೋಶಗಳಂತೆಯೇ ಕೋಶಕೇಂದ್ರವಿದೆ, ವರ್ಣತಂತುಗಳಿವೆ. ಒಳ್ಳೆಯ ಪೋಷಕ ದ್ರವದಲ್ಲಿ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ದ್ವಿಗುಣವಾಗುತ್ತದೆ. ಪ್ರತಿ ವಂಶವಾಹಿಯ ಒಂದೇ ಪ್ರತಿ ಇರುವ ಸ್ಥಿತಿಯಲ್ಲೂ ಅದು ಬದುಕಬಲ್ಲದು. ಹಾಗಾಗಿ ಒಂದು ವಂಶವಾಹಿ ಕೆಟ್ಟರೆ ಪರಿಣಾಮ ತಕ್ಷಣ ಕಣ್ಣಿಗೆ ಬೀಳುತ್ತದೆ.

ಮೊಗ್ಗು ಬಿಡುವ ಯೀಸ್ಟ್ ಸ್ಯಾಕರೊಮೈಸಿಸ್ ಸೆರೆವಿಸಿಯೆಗೆ ಇನ್ನೊಂದು ಗುಣವಿದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಅದರ ಮೈಯೇ ಗಡಿಯಾರ. ಮೊಗ್ಗಿಲ್ಲದ ದುಂಡನೆಯ ಕೋಶ ಜಿ1 ಹಂತದಲ್ಲಿದೆ, ಅಂದರೆ ನಕಲು ಶುರುವಾಗುವ ಮೊದಲಿನ ಬೆಳವಣಿಗೆಯ ಹಂತ. ಸಾಸಿವೆಯಷ್ಟು ಚಿಕ್ಕ ಮೊಗ್ಗು ಕಂಡರೆ ಡಿಎನ್‌ಎ ನಕಲು ಶುರುವಾಗಿದೆ. ಮೊಗ್ಗು ತಾಯಿಯ ಗಾತ್ರವನ್ನು ಸಮೀಪಿಸಿದ್ದರೆ ವರ್ಣತಂತುಗಳ ಹಂಚಿಕೆಯ ಹೊತ್ತು. ಸೂಕ್ಷ್ಮದರ್ಶಕದಡಿ ನೂರು ಕೋಶಗಳನ್ನು ಎಣಿಸಿದರೆ ಯಾರು ಯಾವ ಹಂತದಲ್ಲಿದ್ದಾರೆ ಎಂಬ ಅಂದಾಜು ಬಣ್ಣ ಹಚ್ಚದೆಯೇ ಸಿಗುತ್ತದೆ.

ಪಠ್ಯದ ಜಿ1, ಎಸ್, ಜಿ2, ಎಂ ಹಂತಗಳು ಯೀಸ್ಟ್‌ನಲ್ಲೂ ಹಾಗೆಯೇ ಇವೆಯೇ?

ಬಹುತೇಕ ಇವೆ. ಎಸ್ ಎಂದರೆ ಡಿಎನ್‌ಎ ನಕಲಿನ ಹಂತ, ಎಂ ಎಂದರೆ ವಿಭಜನೆಯ ಹಂತ, ಜಿ1 ಮತ್ತು ಜಿ2 ಅವುಗಳ ನಡುವಿನ ಬಿಡುವುಗಳು. ಆದರೆ ಮೊಗ್ಗು ಬಿಡುವ ಯೀಸ್ಟ್‌ನಲ್ಲಿ ಜಿ2 ಹಂತಕ್ಕೆ ಸ್ಪಷ್ಟ ಗಡಿ ಇಲ್ಲ. ವರ್ಣತಂತುಗಳನ್ನು ಎಳೆಯುವ ಕದಿರಿನ ತಯಾರಿ ಡಿಎನ್‌ಎ ನಕಲಿನ ಹೊತ್ತಿಗೇ ಆರಂಭವಾಗುತ್ತದೆ. ಇನ್ನೊಂದು ವ್ಯತ್ಯಾಸ: ವಿಭಜನೆಯಾಗುವಾಗ ಯೀಸ್ಟ್‌ನ ಕೋಶಕೇಂದ್ರದ ಪೊರೆ ಒಡೆಯುವುದಿಲ್ಲ.

ಈ ವ್ಯವಸ್ಥೆ ಬೆಳಕಿಗೆ ಬಂದದ್ದು ಹೇಗೆ?

ಮೂರು ಕಡೆ, ಮೂರು ಬೇರೆ ಜೀವಿಗಳಲ್ಲಿ, ಒಬ್ಬರ ದಾರಿ ಇನ್ನೊಬ್ಬರ ದಾರಿಗೆ ಸೇರುತ್ತದೆಂಬ ಸುಳಿವಿಲ್ಲದೆ.

ಅಮೆರಿಕದ ಸಿಯಾಟಲ್‌ನಲ್ಲಿ ಲೀಲೆಂಡ್ ಹಾರ್ಟ್‌ವೆಲ್ ಮೊಗ್ಗು ಬಿಡುವ ಯೀಸ್ಟ್‌ನ ತಾಪಸೂಕ್ಷ್ಮ ತಳಿಗಳನ್ನು ಹುಡುಕುತ್ತಿದ್ದರು. ಅವು 23 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆದು 36 ಡಿಗ್ರಿಯಲ್ಲಿ ನಿಂತುಬಿಡುತ್ತಿದ್ದವು. ಬಿಸಿಗೆ ಬೆಳವಣಿಗೆ ನಿಲ್ಲುವ ತಳಿಗಳು ಎಷ್ಟಾದರೂ ಸಿಗುತ್ತವೆ. ಹಾರ್ಟ್‌ವೆಲ್ ಆರಿಸಿಕೊಂಡದ್ದು ಒಂದು ವಿಶೇಷ ಗುಂಪನ್ನು. ಬಿಸಿ ಮಾಡುವ ಮೊದಲು ಕೋಶಗಳು ಚಕ್ರದ ಎಲ್ಲೆಲ್ಲೋ ಚದುರಿರುತ್ತವೆ. ಬಿಸಿ ಮಾಡಿ ಕೆಲವು ಗಂಟೆಗಳಾದ ಮೇಲೆ ನೋಡಿದರೆ ಅಷ್ಟೂ ಕೋಶಗಳು ಒಂದೇ ಆಕಾರದಲ್ಲಿ, ಒಂದೇ ಗಾತ್ರದ ಮೊಗ್ಗಿನೊಂದಿಗೆ ನಿಂತಿರುತ್ತವೆ. ಅಂದರೆ ಕೆಟ್ಟ ವಂಶವಾಹಿ ಚಕ್ರದ ಒಂದು ನಿರ್ದಿಷ್ಟ ಹೆಜ್ಜೆಗೆ ಮಾತ್ರ ಬೇಕಾದದ್ದು. ಇವಕ್ಕೆ ಕೋಶವಿಭಜನಾ ಚಕ್ರದ ವಂಶವಾಹಿಗಳು, ಅಂದರೆ ಸಿಡಿಸಿ, ಎಂದು ಹೆಸರಾಯಿತು. 1970ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಇಂಥ ಹತ್ತಾರು ವಂಶವಾಹಿಗಳು ದೊರೆತವು. ಅವುಗಳಲ್ಲಿ ಸಿಡಿಸಿ28 ಕೆಟ್ಟರೆ ಚಕ್ರ ಮೊದಲ ಹೆಜ್ಜೆಯನ್ನೇ ಇಡುತ್ತಿರಲಿಲ್ಲ.

ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ ಪಾಲ್ ನರ್ಸ್ ಆರಿಸಿಕೊಂಡದ್ದು ಸೀಳು ಯೀಸ್ಟ್. ಇದು ಮೊಗ್ಗು ಬಿಡುವುದಿಲ್ಲ, ಕಡ್ಡಿಯಂತೆ ಉದ್ದಕ್ಕೆ ಬೆಳೆದು ಸುಮಾರು 14 ಮೈಕ್ರೋಮೀಟರ್ ತಲುಪಿದಾಗ ನಡುವೆ ಸೀಳಿಕೊಳ್ಳುತ್ತದೆ. 1970ರ ದಶಕದ ನಡುವಿನಲ್ಲಿ ಅವರ ಕಣ್ಣಿಗೆ ಬಿದ್ದದ್ದು ಅರ್ಧ ಗಾತ್ರದಲ್ಲೇ ಸೀಳಿಕೊಳ್ಳುವ ಒಂದು ತಳಿ. ಸ್ಕಾಟ್ ಮಾತಿನಲ್ಲಿ ‘ವೀ’ ಎಂದರೆ ಪುಟ್ಟದು, ಹೀಗಾಗಿ ಅದು ವೀ1. ವಿಭಜನೆ ಅವಸರವಾಗುತ್ತಿದೆ ಎಂದರೆ ಅದನ್ನು ತಡೆಹಿಡಿಯುವ ಯಾವುದೋ ಕೈ ಮುರಿದಿದೆ ಎಂದರ್ಥ. ಇದೇ ಹುಡುಕಾಟ ಅವರನ್ನು ಸಿಡಿಸಿ2 ವಂಶವಾಹಿಯತ್ತ ಕರೆದೊಯ್ದಿತು.

1982ರಲ್ಲಿ ಅಮೆರಿಕದ ವುಡ್ಸ್ ಹೋಲ್‌ನ ಸಮುದ್ರಜೀವಿ ಪ್ರಯೋಗಾಲಯದಲ್ಲಿ ಟಿಮ್ ಹಂಟ್ ಕಡಲ ಮುಳ್ಳುಚೆಂಡಿನ ಮೊಟ್ಟೆಗಳಲ್ಲಿ ಹೊಸ ಪ್ರೋಟೀನ್ ತಯಾರಾಗುವುದನ್ನು ಗಮನಿಸುತ್ತಿದ್ದರು. ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿದಾಗ ಒಂದೊಂದೂ ಒಂದು ಗೆರೆಯಂಥ ಪಟ್ಟಿಯಾಗಿ ಕಾಣುತ್ತದೆ. ಉಳಿದ ಪ್ರೋಟೀನ್‌ಗಳ ಪಟ್ಟಿಗಳು ಹೊತ್ತು ಹೋದಂತೆ ದಟ್ಟವಾಗುತ್ತಾ ಹೋದವು. ಒಂದು ಪಟ್ಟಿ ಮಾತ್ರ ದಟ್ಟವಾಗಿ, ಮೊಟ್ಟೆ ಸೀಳುವ ಹೊತ್ತಿಗೆ ಮಾಯವಾಗಿ, ಮತ್ತೆ ಮೂಡುತ್ತಿತ್ತು. ಅದಕ್ಕೆ ಸೈಕ್ಲಿನ್ ಎಂದು ಹೆಸರಿಟ್ಟರು.

1982ರಲ್ಲೇ ಸಿಡಿಸಿ28 ವಂಶವಾಹಿಯನ್ನು ಕೊಟ್ಟರೆ ಸಿಡಿಸಿ2 ಕೆಟ್ಟ ಸೀಳು ಯೀಸ್ಟ್ ಬದುಕುತ್ತದೆ ಎಂಬುದು ತಿಳಿಯಿತು. 1987ರಲ್ಲಿ ನರ್ಸ್ ಅವರ ತಂಡ ಮನುಷ್ಯನ ವಂಶವಾಹಿಗಳನ್ನು ಸೀಳು ಯೀಸ್ಟ್‌ಗೆ ಹಾಕಿ, ಸಿಡಿಸಿ2ರ ಜಾಗವನ್ನು ತುಂಬಬಲ್ಲ ಮನುಷ್ಯ ವಂಶವಾಹಿಯನ್ನು ಹೆಕ್ಕಿತು. ಯೀಸ್ಟ್‌ಗೂ ಮನುಷ್ಯನಿಗೂ ನಡುವೆ ನೂರು ಕೋಟಿ ವರ್ಷಕ್ಕೂ ಹೆಚ್ಚಿನ ಅಂತರವಿದೆ. ಅಷ್ಟಾದರೂ ಬಿಡಿಭಾಗ ಸರಿಯಾಗಿ ಕೂತಿತು. ಈ ಪ್ರಯೋಗವನ್ನು ಪ್ರತಿ ವರ್ಷ ತರಗತಿಯಲ್ಲಿ ವಿವರಿಸುತ್ತೇನೆ, ಪ್ರತಿ ಸಲವೂ ನನಗೆ ರೋಮಾಂಚನವಾಗುತ್ತದೆ. ಮುಂದಿನ ಒಂದೆರಡು ವರ್ಷಗಳಲ್ಲಿ ಸೈಕ್ಲಿನ್ ಮತ್ತು ಈ ಕೈನೇಸ್ ಒಂದೇ ಜೋಡಿಯ ಎರಡು ಅರ್ಧಗಳು ಎಂಬುದೂ ಸ್ಪಷ್ಟವಾಯಿತು. ಮೂವರಿಗೂ 2001ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ಸಿಡಿಸಿ28, ಸಿಡಿಸಿ2, ಸಿಡಿಕೆ1: ಇವು ಬೇರೆ ಬೇರೆಯೇ?

ಒಂದೇ ಕೈನೇಸಿನ ಮೂರು ಹೆಸರು. ಮೊಗ್ಗು ಬಿಡುವ ಯೀಸ್ಟ್‌ನಲ್ಲಿ ಸಿಡಿಸಿ28, ಸೀಳು ಯೀಸ್ಟ್‌ನಲ್ಲಿ ಸಿಡಿಸಿ2, ಮನುಷ್ಯನಲ್ಲಿ ಸಿಡಿಕೆ1. ಸಂಖ್ಯೆಗಳಲ್ಲಿ ಅರ್ಥ ಹುಡುಕಬೇಡಿ, ಅವು ತಳಿಗಳು ಸಿಕ್ಕ ಲೆಕ್ಕದ ಸಂಖ್ಯೆಗಳು. ಸಿಡಿಸಿ ಎಂದು ಶುರುವಾಗುವುದೆಲ್ಲ ಕೈನೇಸ್ ಅಲ್ಲ ಎಂಬುದನ್ನೂ ನೆನಪಿಡಿ. ಸಿಡಿಸಿ14 ಮತ್ತು ಸಿಡಿಸಿ25 ಫಾಸ್ಫೇಟನ್ನು ಕೀಳುವ ಕಿಣ್ವಗಳು. ಸಿಡಿಸಿ20 ಇವೆರಡಕ್ಕೂ ಸೇರದ ಸಹಾಯಕ ಪ್ರೋಟೀನ್.

ಒಂದೇ ಕೈನೇಸಿಗೆ ಒಂಬತ್ತು ಸೈಕ್ಲಿನ್‌ಗಳು ಏಕೆ?

ಸಿಡಿಸಿ28ರ ಜೊತೆ ಸೇರಿ ಚಕ್ರ ನಡೆಸುವ ಒಂಬತ್ತು ಸೈಕ್ಲಿನ್‌ಗಳು ಸರದಿಯಲ್ಲಿ ಬರುತ್ತವೆ. ಸಿಎಲ್‌ಎನ್1, 2, 3 ಜಿ1 ಹಂತದವು. ಸಿಎಲ್‌ಬಿ5 ಮತ್ತು 6 ಡಿಎನ್‌ಎ ನಕಲಿಗೆ. ಸಿಎಲ್‌ಬಿ3 ಮತ್ತು 4 ಕದಿರು ಕಟ್ಟುವ ಹೊತ್ತಿಗೆ. ಸಿಎಲ್‌ಬಿ1 ಮತ್ತು 2 ವಿಭಜನೆಗೆ, ಅದರಲ್ಲೂ ಸಿಎಲ್‌ಬಿ2ರದ್ದೇ ಮೇಲುಗೈ.

ಸರದಿ ತಪ್ಪದಿರಲು ಕಾರಣ, ಪ್ರತಿ ಅಲೆಯೂ ಮುಂದಿನದನ್ನು ಎಬ್ಬಿಸಿ ಹಿಂದಿನದನ್ನು ಮಲಗಿಸುತ್ತದೆ. ಸಿಎಲ್‌ಎನ್‌ಗಳು ಸಿಎಲ್‌ಬಿಗಳ ದಾರಿಯನ್ನು ತೆರವು ಮಾಡುತ್ತವೆ. ಸಿಎಲ್‌ಬಿಗಳು ತಲೆಯೆತ್ತಿದ ಮೇಲೆ ಸಿಎಲ್‌ಎನ್ ವಂಶವಾಹಿಗಳ ಓದನ್ನು, ಅಂದರೆ ಅವುಗಳಿಂದ ಪ್ರೋಟೀನ್ ತಯಾರಾಗುವುದನ್ನು, ನಿಲ್ಲಿಸುತ್ತವೆ.

ಒಂಬತ್ತೂ ಬೇಕೇ ಬೇಕು ಎಂದಲ್ಲ. ಮೂರು ಸಿಎಲ್‌ಎನ್‌ಗಳಲ್ಲಿ ಯಾವ ಒಂದು ಉಳಿದರೂ ಯೀಸ್ಟ್ ಬದುಕುತ್ತದೆ, ಮೂರೂ ಹೋದರೆ ಸಾಯುತ್ತದೆ. ಸೀಳು ಯೀಸ್ಟ್‌ನಲ್ಲಂತೂ 2010ರಲ್ಲಿ ಒಂದು ದಿಟ್ಟ ಪ್ರಯೋಗ ನಡೆಯಿತು. ಸಿಡಿಸಿ13 ಎಂಬ ಸೈಕ್ಲಿನ್ನನ್ನು ಸಿಡಿಸಿ2ಕ್ಕೆ ನೇರವಾಗಿ ಬೆಸೆದು ಒಂದೇ ಪ್ರೋಟೀನ್ ಮಾಡಿ, ಚಕ್ರದ ಬೇರೆ ಸೈಕ್ಲಿನ್‌ಗಳನ್ನು ತೆಗೆದುಹಾಕಿದರು. ಕೋಶ ನಡೆದುಕೊಂಡು ಹೋಯಿತು! ಚಟುವಟಿಕೆಯ ಮಟ್ಟ ಒಂದಿಷ್ಟು ಏರಿದಾಗ ಡಿಎನ್‌ಎ ನಕಲು, ಇನ್ನೂ ಏರಿದಾಗ ವಿಭಜನೆ, ತಳಕ್ಕೆ ಇಳಿದಾಗ ಹೊಸ ಚಕ್ರ. ಕೈನೇಸ್ ಚಟುವಟಿಕೆಯ ಒಟ್ಟು ಮಟ್ಟವೇ ಕ್ರಮವನ್ನು ಕಾಯಬಲ್ಲದು, ಬಗೆಬಗೆಯ ಸೈಕ್ಲಿನ್‌ಗಳು ಆ ಕ್ರಮಕ್ಕೆ ನಿಖರತೆ ಕೊಡುತ್ತವೆ ಎಂಬುದು ನನ್ನ ತಿಳಿವಳಿಕೆ.

‘ಸ್ಟಾರ್ಟ್’ ಎಂದರೆ ಚಕ್ರದ ಆರಂಭವೇ?

ಆರಂಭಕ್ಕಿಂತ ಅದು ನಿರ್ಧಾರದ ಗಳಿಗೆ. ಜಿ1 ಹಂತದ ಕೊನೆಯಲ್ಲಿ ಬರುತ್ತದೆ. ಅದಕ್ಕೆ ಮೊದಲು ಕೋಶ ಸುತ್ತಲಿನ ಆಹಾರವನ್ನು, ತನ್ನ ಗಾತ್ರವನ್ನು, ಸಂಗಾತಿಯ ಸುಳಿವನ್ನು ನೋಡಿ ಕಾಯಬಹುದು. ಸ್ಟಾರ್ಟ್ ದಾಟಿದ ಮೇಲೆ ಆಹಾರ ಕಡಿಮೆಯಾದರೂ ಆ ಸುತ್ತನ್ನು ಮುಗಿಸಿಯೇ ನಿಲ್ಲುತ್ತದೆ.

ಒಳಗೆ ನಡೆಯುವುದು ಹೀಗೆ. ಎಸ್‌ಬಿಎಫ್ ಮತ್ತು ಎಂಬಿಎಫ್ ಎಂಬ ಎರಡು ಪ್ರೋಟೀನ್ ಕೂಟಗಳು ಇನ್ನೂರರ ಆಸುಪಾಸಿನ ವಂಶವಾಹಿಗಳನ್ನು ಓದಿಸಲು ಸಿದ್ಧವಾಗಿ ಡಿಎನ್‌ಎ ಮೇಲೆ ಕೂತಿರುತ್ತವೆ. ಎಸ್‌ಬಿಎಫ್‌ನ ಕೈಯನ್ನು ವ್ಹಿ5 ಎಂಬ ಪ್ರೋಟೀನ್ ಹಿಡಿದಿರುತ್ತದೆ. ಸಿಎಲ್‌ಎನ್3 ಮತ್ತು ಸಿಡಿಸಿ28 ಜೋಡಿ ಹಿಡಿತ ಸಡಿಲಾಗುವಂತೆ ಮಾಡುತ್ತದೆ. ಆಗ ಸಿಎಲ್‌ಎನ್1 ಮತ್ತು ಸಿಎಲ್‌ಎನ್2 ತಯಾರಾಗುತ್ತವೆ. ಅವೂ ಸಿಡಿಸಿ28ರ ಜೊತೆ ಸೇರಿ ವ್ಹಿ5 ಮೇಲೆ ಫಾಸ್ಫೇಟ್ ಕೂರಿಸುತ್ತವೆ, ಇನ್ನಷ್ಟು ವ್ಹಿ5 ಕೋಶಕೇಂದ್ರದಿಂದ ಹೊರಬೀಳುತ್ತದೆ, ಇನ್ನಷ್ಟು ಸಿಎಲ್‌ಎನ್1 ಮತ್ತು 2 ಹುಟ್ಟುತ್ತವೆ. ಕಿಡಿ ಬಿದ್ದು ಬೆಂಕಿ ತನ್ನನ್ನು ತಾನೇ ಹೊತ್ತಿಸಿಕೊಂಡ ಹಾಗೆ.

ವ್ಹಿ5ಕ್ಕೆ ಹೊಳೆಯುವ ಪ್ರೋಟೀನನ್ನು ಅಂಟಿಸಿ ಜೀವಂತ ಕೋಶವನ್ನು ನೋಡಿದರೆ ಈ ಘಟನೆ ಕಣ್ಣೆದುರೇ ನಡೆಯುತ್ತದೆ. ಕೋಶದ ನಡುವೆ ಹೊಳೆಯುವ ಚುಕ್ಕೆಯೊಂದು ಇರುತ್ತದೆ. ಕೆಲವೇ ನಿಮಿಷಗಳಲ್ಲಿ ಅದು ಮಸುಕಾಗಿ ಹೊಳಪು ಕೋಶದ ತುಂಬ ಹರಡಿಕೊಳ್ಳುತ್ತದೆ. ಅಷ್ಟರಲ್ಲೇ ಅಂಚಿನಲ್ಲಿ ಮೊಗ್ಗು ಚಿಗುರುತ್ತದೆ. ಸುಮಾರು ಅರ್ಧದಷ್ಟು ವ್ಹಿ5 ಹೊರಗೆ ಹೋದ ಮೇಲೆ ಕೋಶಕ್ಕೆ ಹಿಂದೆ ಸರಿಯುವ ದಾರಿ ಇಲ್ಲ.

ಕೋಶಕ್ಕೆ ತನ್ನ ಗಾತ್ರ ಸಾಕಷ್ಟಾಗಿದೆ ಎಂದು ತಿಳಿಯುವುದು ಹೇಗೆ?

ಮೊಗ್ಗಿನಿಂದ ಬೇರ್ಪಟ್ಟ ಮಗಳು ಕೋಶ ತಾಯಿಗಿಂತ ಚಿಕ್ಕದು, ಅದು ಜಿ1 ಹಂತದಲ್ಲಿ ಹೆಚ್ಚು ಹೊತ್ತು ಕಾಯುತ್ತದೆ. ಗಾತ್ರದ ಅಳತೆ ಎಲ್ಲೋ ನಡೆಯುತ್ತಿದೆ ಎಂಬುದಕ್ಕೆ ಇದೇ ಸಾಕ್ಷಿ. 2015ರಲ್ಲಿ ಒಂದು ಸೊಗಸಾದ ವಿವರಣೆ ಬಂತು: ಕೋಶ ಬೆಳೆದಂತೆ ಸಿಎಲ್‌ಎನ್3ರ ಸಾಂದ್ರತೆ ಅಷ್ಟೇ ಉಳಿಯುತ್ತದೆ, ವ್ಹಿ5 ಮಾತ್ರ ಹೊಸದಾಗಿ ತಯಾರಾಗದೆ ತೆಳುವಾಗುತ್ತದೆ. ಸಾಕಷ್ಟು ತೆಳುವಾದಾಗ ಸ್ಟಾರ್ಟ್. ಇದನ್ನು ಒಪ್ಪದ ತಂಡಗಳೂ ಇವೆ. ಅವರ ಅಳತೆಗಳಲ್ಲಿ ವ್ಹಿ5 ಅಷ್ಟು ತೆಳುವಾಗುವುದಿಲ್ಲ. ವಾದ ಇನ್ನೂ ನಡೆಯುತ್ತಿದೆ, ಆದ್ದರಿಂದ ಪರೀಕ್ಷೆಯ ಉತ್ತರದಲ್ಲಿ ಇದನ್ನು ಒಂದು ಮಾದರಿ ಎಂದೇ ಬರೆಯಿರಿ.

ಸಿಎಲ್‌ಬಿ5 ಮತ್ತು 6 ಕೂಡ ಸ್ಟಾರ್ಟ್ ಹೊತ್ತಿಗೇ ತಯಾರಾದರೆ ಡಿಎನ್‌ಎ ನಕಲು ತಕ್ಷಣ ಏಕೆ ಆರಂಭವಾಗುವುದಿಲ್ಲ?

ಸಿಕ್1 ಬಾಗಿಲಲ್ಲಿ ಕೂತಿರುತ್ತದೆ. ಅದು ಸಿಎಲ್‌ಬಿ ಜೋಡಿಗಳಿಗೆ ಅಂಟಿಕೊಂಡು ಅವನ್ನು ಕಟ್ಟಿಹಾಕುವ ಪ್ರತಿಬಂಧಕ. ಸಿಎಲ್‌ಎನ್ ಜೋಡಿಗಳ ಮೇಲೆ ಅದರ ಆಟ ನಡೆಯುವುದಿಲ್ಲ. ಹಾಗಾಗಿ ಸಿಎಲ್‌ಎನ್1 ಮತ್ತು 2ರ ಜೋಡಿಗಳು ಅಡ್ಡಿಯಿಲ್ಲದೆ ಸಿಕ್1 ಮೇಲೆ ಫಾಸ್ಫೇಟ್ ಕೂರಿಸುತ್ತವೆ.

ಒಂದು ಫಾಸ್ಫೇಟ್ ಬಿದ್ದರೆ ಸಾಲದು ಎಂಬುದೇ ಇಲ್ಲಿನ ಚಮತ್ಕಾರ. ಸಿಕ್1 ಮೇಲೆ ಇಂಥ ಒಂಬತ್ತು ಜಾಗಗಳಿವೆ. ಅವುಗಳಲ್ಲಿ ಹಲವು ತುಂಬಿದ ಮೇಲಷ್ಟೇ ಸಿಡಿಸಿ4 ಎಂಬ ಪ್ರೋಟೀನ್ ಅದನ್ನು ಗುರುತಿಸಿ ಹಿಡಿಯುತ್ತದೆ. ಸಿಡಿಸಿ4 ಇರುವುದು ಎಸ್‌ಸಿಎಫ್ ಎಂಬ ಕೂಟದಲ್ಲಿ. ಅದು ಸಿಕ್1ಕ್ಕೆ ಯುಬಿಕ್ವಿಟಿನ್ ಎಂಬ ಚಿಕ್ಕ ಪ್ರೋಟೀನಿನ ಸರಪಣಿ ತೊಡಿಸುತ್ತದೆ. ಆ ಸರಪಣಿ ಬಿದ್ದ ಪ್ರೋಟೀನನ್ನು ಪ್ರೋಟಿಯಾಸೋಮ್ ಎಂಬ ಯಂತ್ರ ತುಂಡು ತುಂಡು ಮಾಡುತ್ತದೆ. ಹಲವು ಜಾಗ ತುಂಬಬೇಕಾದ್ದರಿಂದ ಕೈನೇಸ್ ಸ್ವಲ್ಪ ಏರಿದಾಗ ಏನೂ ಆಗುವುದಿಲ್ಲ, ಸಾಕಷ್ಟು ಏರಿದಾಗ ಸಿಕ್1 ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಬಿಡುಗಡೆಯಾದ ಸಿಎಲ್‌ಬಿ5 ಜೋಡಿ ಉಳಿದ ಸಿಕ್1 ಮೇಲೆ ತಾನೂ ಎರಗುತ್ತದೆ. ಈ ಫಾಸ್ಫೇಟ್‌ಗಳು ಒಂದರ ನಂತರ ಒಂದು ಕೂರಲು ಸಿಕೆಎಸ್1 ಎಂಬ ಪುಟ್ಟ ಪ್ರೋಟೀನ್ ನೆರವಾಗುತ್ತದೆ.

ಮೂರು ಸಿಎಲ್‌ಎನ್‌ಗಳೂ ಇಲ್ಲದ ಯೀಸ್ಟ್ ಸಾಯುತ್ತದೆ ಎಂದೆನಲ್ಲ, ಅದರಿಂದ ಸಿಕ್1 ವಂಶವಾಹಿಯನ್ನೂ ತೆಗೆದುಹಾಕಿದರೆ ಅದು ಬದುಕುತ್ತದೆ. ಕಾವಲುಗಾರನೇ ಇಲ್ಲದ ಮೇಲೆ ಅವನನ್ನು ಎಬ್ಬಿಸಿ ಕಳಿಸುವವರು ಬೇಡವಲ್ಲ. ಸಿಕ್1 ಒಂದೇ ಇಲ್ಲದಿದ್ದರೂ ಕೋಶ ಬದುಕುತ್ತದೆ, ಆದರೆ ಡಿಎನ್‌ಎ ನಕಲು ಹೊತ್ತಿಗೆ ಮೊದಲೇ ಶುರುವಾಗಿ ವರ್ಣತಂತುಗಳು ಮುರಿಯುವುದು, ಕಳೆದುಹೋಗುವುದು ಹೆಚ್ಚಾಗುತ್ತದೆ.

ಡಿಎನ್‌ಎ ಒಂದು ಸುತ್ತಿನಲ್ಲಿ ಒಂದೇ ಬಾರಿ ನಕಲಾಗುವಂತೆ ನೋಡಿಕೊಳ್ಳುವುದು ಯಾರು?

ಇದೇ ಕೈನೇಸ್. ನಕಲು ಆರಂಭವಾಗುವ ತಾಣಗಳಲ್ಲಿ ಡಿಎನ್‌ಎ ಎಳೆಗಳನ್ನು ಬಿಡಿಸುವ ಎಂಸಿಎಂ ಎಂಬ ಯಂತ್ರವನ್ನು ಮೊದಲು ಕೂರಿಸಬೇಕು, ಆಮೇಲೆ ಅದನ್ನು ಚಾಲೂ ಮಾಡಬೇಕು. ಕೂರಿಸುವುದು ಸಿಡಿಕೆ ಚಟುವಟಿಕೆ ಕಡಿಮೆ ಇರುವ ಜಿ1 ಹಂತದಲ್ಲಿ ಮಾತ್ರ ಸಾಧ್ಯ. ಚಾಲೂ ಮಾಡಲು ಸಿಎಲ್‌ಬಿ ಜೋಡಿ ಬೇಕು, ಸಿಡಿಸಿ7 ಎಂಬ ಬೇರೆ ಕೈನೇಸ್ ಕೂಡ ಬೇಕು. ಸಿಎಲ್‌ಬಿ ಜೋಡಿ ಇಲ್ಲಿ ಫಾಸ್ಫೇಟ್ ಕೂರಿಸುವುದು ಎಸ್‌ಎಲ್‌ಡಿ2 ಮತ್ತು ಎಸ್‌ಎಲ್‌ಡಿ3 ಎಂಬ ಪ್ರೋಟೀನ್‌ಗಳ ಮೇಲೆ. ಚಾಲೂ ಮಾಡುವ ಕೈಯೇ ಮತ್ತೆ ಕೂರಿಸುವ ದಾರಿಗಳನ್ನು ಮುಚ್ಚುತ್ತದೆ: ಎಂಸಿಎಂ ಕೂರಿಸಲು ಬೇಕಾದ ಸಿಡಿಸಿ6 ಪ್ರೋಟೀನನ್ನು ನಾಶಕ್ಕೆ ಒಪ್ಪಿಸುತ್ತದೆ, ಬಿಡಿಯಾದ ಎಂಸಿಎಂ ಅನ್ನು ಕೋಶಕೇಂದ್ರದಿಂದ ಆಚೆ ಕಳಿಸುತ್ತದೆ, ತಾಣದ ಮೇಲಿನ ಓಆರ್‌ಸಿ ಕೂಟವನ್ನೂ ಸುಮ್ಮನಾಗಿಸುತ್ತದೆ. ಈ ಮೂರು ಬೀಗಗಳನ್ನೂ ಒಟ್ಟಿಗೆ ಮುರಿದಾಗ ಡಿಎನ್‌ಎ ಒಂದೇ ಸುತ್ತಿನಲ್ಲಿ ಮತ್ತೆ ನಕಲಾಗತೊಡಗುತ್ತದೆ ಎಂದು 2001ರಲ್ಲಿ ತೋರಿಸಲಾಯಿತು.

ಫಾಸ್ಫೇಟ್ ಕೂತರೆ ಪ್ರೋಟೀನ್ ಚುರುಕಾಗುತ್ತದೆ ಎಂದು ಬರೆಯಬಹುದೇ?

ಬೇಡ. ಉತ್ತರಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು ಇದು. ಸಿಡಿಸಿ28ರ ಮೈಮೇಲೆಯೇ ಎರಡಕ್ಕೂ ಉದಾಹರಣೆ ಇದೆ. 169ನೇ ಸ್ಥಾನದ ಥ್ರಿಯೋನೀನ್ ಎಂಬ ಅಮೈನೋ ಆಮ್ಲದ ಮೇಲೆ ಕ್ಯಾಕ್1 ಎಂಬ ಕೈನೇಸ್ ಕೂರಿಸುವ ಫಾಸ್ಫೇಟ್ ಅದನ್ನು ಚುರುಕು ಮಾಡುತ್ತದೆ. 19ನೇ ಸ್ಥಾನದ ಟೈರೋಸೀನ್ ಎಂಬ ಇನ್ನೊಂದು ಅಮೈನೋ ಆಮ್ಲದ ಮೇಲೆ ಸ್ವೀ1 ಎಂಬ ಕೈನೇಸ್ ಕೂರಿಸುವ ಫಾಸ್ಫೇಟ್ ಅದನ್ನು ತಡೆಯುತ್ತದೆ. ಎಲ್ಲಿ ಕೂತಿತು ಎಂಬುದನ್ನು ಕೇಳದೆ ಪರಿಣಾಮ ಹೇಳಲಾಗದು.

ವೀ1 ಮತ್ತು ಸಿಡಿಸಿ25ರ ಕಥೆ ಏನು?

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗಿದೆ ಇವೆರಡರ ನಡುವಿನ ಎಳೆದಾಟ. ಸೀಳು ಯೀಸ್ಟ್‌ನಲ್ಲಿ ವೀ1 ಕೈನೇಸ್ ಸಿಡಿಸಿ2ರ 15ನೇ ಟೈರೋಸೀನ್ ಮೇಲೆ ಫಾಸ್ಫೇಟ್ ಕೂರಿಸಿ ವಿಭಜನೆಯನ್ನು ತಡೆಯುತ್ತದೆ. ಸಿಡಿಸಿ25 ಅದನ್ನು ಕಿತ್ತು ದಾರಿ ಬಿಡುತ್ತದೆ. ವೀ1 ಕೆಟ್ಟರೆ ಕೋಶ ಪುಟ್ಟದಾಗಿರುವಾಗಲೇ ಸೀಳುತ್ತದೆ, ಸಿಡಿಸಿ25 ಕೆಟ್ಟರೆ ಸೀಳದೆ ಉದ್ದಕ್ಕೆ ಬೆಳೆಯುತ್ತಲೇ ಹೋಗುತ್ತದೆ. ಎರಡೂ ತಳಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಬೇರೆ ವಿವರಣೆಯೇ ಬೇಡ. ಚುರುಕಾದ ಸಿಡಿಸಿ2 ತಿರುಗಿ ಸಿಡಿಸಿ25ಕ್ಕೆ ಬಲ ಕೊಡುತ್ತದೆ, ವೀ1ನ್ನು ಅಡಗಿಸುತ್ತದೆ. ಆದ್ದರಿಂದ ತಕ್ಕಡಿ ವಾಲಲು ತೊಡಗಿದರೆ ಪೂರ್ತಿ ವಾಲಿಬಿಡುತ್ತದೆ.

ಮೊಗ್ಗು ಬಿಡುವ ಯೀಸ್ಟ್‌ನಲ್ಲಿ ವೀ1ರ ಸಾಟಿ ಸ್ವೀ1, ಸಿಡಿಸಿ25ರ ಸಾಟಿ ಮಿಹ್1. ಅಲ್ಲಿ ಇವುಗಳ ಪಾತ್ರ ಕಿರಿದು. ಮೊಗ್ಗು ಮೂಡುವುದಕ್ಕೆ ತೊಂದರೆಯಾದಾಗ ಕೋಶಕೇಂದ್ರ ಹಂಚಿಕೆಯಾಗದಂತೆ ಸ್ವೀ1 ತಡೆದು ನಿಲ್ಲಿಸುತ್ತದೆ.

ಸೈಕ್ಲಿನ್‌ಗಳನ್ನು ಇಷ್ಟು ಕಷ್ಟಪಟ್ಟು ಕಟ್ಟಿ ಕೊನೆಗೆ ನಾಶ ಮಾಡುವುದು ಏಕೆ? ಸುಮ್ಮನೆ ನಿಷ್ಕ್ರಿಯಗೊಳಿಸಬಾರದೇ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ಫಾಸ್ಫೇಟನ್ನು ಕೂರಿಸಬಹುದು, ಕೀಳಬಹುದು, ಮತ್ತೆ ಕೂರಿಸಬಹುದು. ಚೂರಾದ ಪ್ರೋಟೀನನ್ನು ಮತ್ತೆ ಜೋಡಿಸಲಾಗದು, ಹೊಸದಾಗಿಯೇ ಕಟ್ಟಬೇಕು. ಕೋಶಚಕ್ರ ಒಂದೇ ದಿಕ್ಕಿಗೆ ತಿರುಗುವುದು ಈ ನಾಶದ ಬಲದಿಂದ. ಅರ್ಧ ಎಳೆದ ವರ್ಣತಂತುಗಳೊಂದಿಗೆ ಹಿಂದಕ್ಕೆ ತಿರುಗಿದರೆ ಕೋಶಕ್ಕೆ ಉಳಿಗಾಲವಿಲ್ಲ.

ವಿಭಜನೆಯ ಹೊತ್ತಿನ ನಾಶವನ್ನು ನಡೆಸುವುದು ಎಪಿಸಿ ಎಂಬ ದೊಡ್ಡ ಕೂಟ. ಅದೂ ಯುಬಿಕ್ವಿಟಿನ್ ಸರಪಣಿ ತೊಡಿಸುತ್ತದೆ. ಮೊದಲ ಸರದಿಯಲ್ಲಿ ಸಿಡಿಸಿ20 ಅದರ ಜೊತೆಗಾರ. ಆಗ ಸಿಎಲ್‌ಬಿ5 ಹೋಗುತ್ತದೆ, ಸಿಎಲ್‌ಬಿ2ರ ಒಂದು ಪಾಲು ಹೋಗುತ್ತದೆ, ಜೊತೆಗೆ ಸೆಕ್ಯುರಿನ್ ಎಂಬ ಪ್ರೋಟೀನ್ ಹೋಗುತ್ತದೆ. ಯೀಸ್ಟ್‌ನಲ್ಲಿ ಅದರ ಹೆಸರು ಪಿಡಿಎಸ್1. ಸೆಕ್ಯುರಿನ್ ಅಲ್ಲಿಯವರೆಗೆ ಸೆಪರೇಸ್ ಎಂಬ ಕತ್ತರಿಯನ್ನು ಒರೆಯಲ್ಲಿಟ್ಟಿರುತ್ತದೆ. ಒರೆ ಕರಗಿದಾಗ ಕತ್ತರಿ ಹೊರಬಂದು, ಜೋಡಿ ವರ್ಣತಂತುಗಳನ್ನು ಒಟ್ಟಿಗೆ ಹಿಡಿದಿದ್ದ ಕೊಹೆಸಿನ್ ಉಂಗುರವನ್ನು ಕತ್ತರಿಸುತ್ತದೆ. ವರ್ಣತಂತುಗಳು ಎರಡು ತುದಿಗಳತ್ತ ಸರಿಯುತ್ತವೆ. ಎರಡನೇ ಸರದಿಯಲ್ಲಿ ಸಿಡಿಎಚ್1 ಜೊತೆಗೂಡಿ ಉಳಿದ ಸಿಎಲ್‌ಬಿ2ನ್ನು ಮುಗಿಸುತ್ತದೆ.

ಯಾವುದನ್ನು ನಾಶ ಮಾಡಬೇಕು ಎಂಬ ಗುರುತು ಸೈಕ್ಲಿನ್ನಿನ ಮೈಯಲ್ಲೇ ಇದೆ, ಕೆಲವು ಅಮೈನೋ ಆಮ್ಲಗಳ ಒಂದು ಚಿಕ್ಕ ಸಾಲು. ಆ ಸಾಲನ್ನು ತೆಗೆದ ಸಿಎಲ್‌ಬಿ2 ಕೋಶದಲ್ಲಿ ತುಂಬಿದರೆ ವರ್ಣತಂತುಗಳು ಬೇರ್ಪಡುತ್ತವೆ, ಆದರೆ ಕೋಶ ವಿಭಜನೆಯನ್ನು ಮುಗಿಸಲಾರದೆ ಅಲ್ಲೇ ನಿಲ್ಲುತ್ತದೆ. ಎಪಿಸಿಗೆ ಬಲಿಯಾಗುವ ಪ್ರೋಟೀನ್‌ಗಳು ಹಲವಾರು. ಅವುಗಳಲ್ಲಿ ಯಾವುದರ ನಾಶ ನಿಜಕ್ಕೂ ಅನಿವಾರ್ಯ? 2003ರ ಒಂದು ಪ್ರಯೋಗದಲ್ಲಿ ಪಿಡಿಎಸ್1 ಮತ್ತು ಸಿಎಲ್‌ಬಿ5 ವಂಶವಾಹಿಗಳನ್ನು ತೆಗೆದು, ಸಿಕ್1ರ ಪ್ರಮಾಣವನ್ನು ಹೆಚ್ಚಿಸಿದಾಗ ಯೀಸ್ಟ್ ಎಪಿಸಿ ಇಲ್ಲದೆಯೂ ಬದುಕಿತು. ಅಂದರೆ ಬದುಕಿಗೆ ಅನಿವಾರ್ಯವಾದವು ಸೆಕ್ಯುರಿನ್ನಿನ ಅಂತ್ಯ ಮತ್ತು ಸಿಎಲ್‌ಬಿ ಕೈನೇಸಿನ ಅಂತ್ಯ, ಇವೆರಡೇ.

ಸೈಕ್ಲಿನ್ ಹೋದರೆ ಸಾಕೇ? ಈಗಾಗಲೇ ಕೂತ ಫಾಸ್ಫೇಟ್‌ಗಳ ಗತಿ?

ಅವನ್ನು ಕೀಳಬೇಕು. ಮೊಗ್ಗು ಬಿಡುವ ಯೀಸ್ಟ್‌ನಲ್ಲಿ ಆ ಕೆಲಸ ಮುಖ್ಯವಾಗಿ ಸಿಡಿಸಿ14ರದ್ದು. ಚಕ್ರದ ಬಹುಪಾಲು ಹೊತ್ತು ಅದು ಕೋಶಕೇಂದ್ರದೊಳಗಿನ ನ್ಯೂಕ್ಲಿಯೋಲಸ್‌ನಲ್ಲಿ ನೆಟ್1 ಎಂಬ ಪ್ರೋಟೀನಿನ ಸೆರೆಯಲ್ಲಿರುತ್ತದೆ. ವರ್ಣತಂತುಗಳು ಬೇರ್ಪಡಲು ತೊಡಗಿದಾಗ ಸ್ವಲ್ಪ ಬಿಡುಗಡೆ. ಕದಿರಿನ ಒಂದು ತುದಿ ಮೊಗ್ಗಿನೊಳಗೆ ಹೊಕ್ಕ ಮೇಲೆ, ಸಿಡಿಸಿ15 ಮತ್ತು ಡಿಬಿಎಫ್2 ಎಂಬ ಕೈನೇಸ್‌ಗಳ ಸಾಲು ಚುರುಕಾಗಿ, ಪೂರ್ಣ ಬಿಡುಗಡೆ. ಮಗಳ ಪಾಲು ಮಗಳ ಮನೆ ಸೇರಿತೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ಬಾಗಿಲು ಮುಚ್ಚುವ ಈ ಏರ್ಪಾಡು ನನಗೆ ಬಹಳ ಹಿಡಿಸುತ್ತದೆ.

ಹೊರಬಂದ ಸಿಡಿಸಿ14 ಸಿಡಿಎಚ್1ರ ಮೇಲಿನ ಫಾಸ್ಫೇಟ್ ಕಿತ್ತು ಅದನ್ನು ಎಬ್ಬಿಸುತ್ತದೆ. ಸಿಕ್1 ಮತ್ತೆ ತಯಾರಾಗುವಂತೆ, ತಯಾರಾದದ್ದು ಉಳಿಯುವಂತೆ ನೋಡಿಕೊಳ್ಳುತ್ತದೆ. ಸಿಎಲ್‌ಬಿ ಕೈನೇಸ್ ತಳ ಸೇರುತ್ತದೆ, ಕೋಶ ಜಿ1ಕ್ಕೆ ಮರಳುತ್ತದೆ.

ಏನಾದರೂ ಕೆಟ್ಟರೆ ಚಕ್ರ ತಾನಾಗಿ ನಿಲ್ಲುತ್ತದೆಯೇ?

ನಿಲ್ಲಿಸುವ ತಪಾಸಣೆಗಳಿವೆ. ಅವುಗಳ ಪರಿಕಲ್ಪನೆಯನ್ನು ಗಟ್ಟಿಗೊಳಿಸಿದ್ದು 1988ರಲ್ಲಿ ವೈನರ್ಟ್ ಮತ್ತು ಹಾರ್ಟ್‌ವೆಲ್ ಪ್ರಕಟಿಸಿದ ಆರ್‌ಎಡಿ9 ವಂಶವಾಹಿಯ ಅಧ್ಯಯನ. ವಿಕಿರಣದಿಂದ ಡಿಎನ್‌ಎ ಮುರಿದಾಗ ಸಾಮಾನ್ಯ ಯೀಸ್ಟ್ ನಿಂತು ದುರಸ್ತಿ ಮಾಡಿಕೊಳ್ಳುತ್ತದೆ. ಆರ್‌ಎಡಿ9 ಇಲ್ಲದ್ದು ನಿಲ್ಲದೆ ಮುಂದುವರಿದು ಸಾಯುತ್ತದೆ. ಅದನ್ನು ಬೇರೆ ರೀತಿಯಲ್ಲಿ ತಡೆದು ನಿಲ್ಲಿಸಿದರೆ ದುರಸ್ತಿಯಾಗಿ ಬದುಕುವುದು ಹೆಚ್ಚುತ್ತದೆ. ದುರಸ್ತಿಯ ಶಕ್ತಿ ಇತ್ತು, ಬೇಕಾಗಿದ್ದದ್ದು ಬಿಡುವು. ಈ ಸುದ್ದಿಯನ್ನು ಒಯ್ಯುವವೂ ಕೈನೇಸ್‌ಗಳೇ: ಎಂಇಸಿ1 ಮತ್ತು ಆರ್‌ಎಡಿ53.

ಕದಿರಿನ ತಪಾಸಣೆ ಇನ್ನೊಂದು. ಒಂದೇ ಒಂದು ವರ್ಣತಂತು ಕದಿರಿಗೆ ಸರಿಯಾಗಿ ಸಿಕ್ಕಿಕೊಳ್ಳದಿದ್ದರೂ ಎಂಎಡಿ2 ಮತ್ತು ಅದರ ಸಂಗಡಿಗರು ಸಿಡಿಸಿ20ನ್ನು ಕಟ್ಟಿಹಾಕುತ್ತವೆ. ಸಿಡಿಸಿ20 ಇಲ್ಲದೆ ಸೆಕ್ಯುರಿನ್ ನಾಶವಾಗದು, ಕತ್ತರಿ ಹೊರಬಾರದು.

ಕೋಶಗಳನ್ನು ಒಂದೇ ಹಂತದಲ್ಲಿ ನಿಲ್ಲಿಸಿ ಈ ಏರಿಳಿತವನ್ನು ನೋಡಲು ಸಾಧ್ಯವೇ?

ಸಾಧ್ಯ, ಕಲಿಯುವವರು ತಪ್ಪದೆ ಮಾಡಬೇಕಾದ ಪ್ರಯೋಗವದು. ಯೀಸ್ಟ್‌ನಲ್ಲಿ ಎ ಮತ್ತು ಆಲ್ಫಾ ಎಂಬ ಎರಡು ಕೂಡಿಕೆಯ ಬಗೆಗಳಿವೆ. ಆಲ್ಫಾ ಕೋಶ ಹದಿಮೂರು ಅಮೈನೋ ಆಮ್ಲಗಳ ಒಂದು ಸಂಕೇತವನ್ನು ಹೊರಸೂಸುತ್ತದೆ. ಎ ಕೋಶ ಅದನ್ನು ಗ್ರಹಿಸಿದಾಗ ಎಫ್‌ಯುಎಸ್3 ಎಂಬ ಕೈನೇಸ್ ಎದ್ದು, ಫಾರ್1 ಎಂಬ ಪ್ರೋಟೀನ್ ಮೂಲಕ ಸಿಎಲ್‌ಎನ್ ಜೋಡಿಗಳನ್ನು ತಡೆಯುತ್ತದೆ. ಕೋಶ ಸ್ಟಾರ್ಟ್ ದಾಟದೆ ಕಾಯುತ್ತದೆ.

ಎ ಕೋಶಗಳ ದ್ರವಕ್ಕೆ ಈ ಸಂಕೇತವನ್ನು ಹಾಕಿ ಸುಮಾರು ಎರಡು ಗಂಟೆ ಬಿಟ್ಟು ನೋಡಿ. ಮೊಗ್ಗು ಎಲ್ಲೂ ಕಾಣುವುದಿಲ್ಲ. ದುಂಡನೆಯ ಕೋಶಗಳು ಒಂದು ಕಡೆ ಚೂಪಾಗಿ, ಹಿಂಡಿದ ಹನಿಯಂತೆ ಕತ್ತು ಚಾಚಿರುತ್ತವೆ, ಇಲ್ಲದ ಸಂಗಾತಿಯ ಕಡೆಗೆ. ಆಮೇಲೆ ಸಂಕೇತವನ್ನು ತೊಳೆದು ಹೊಸ ದ್ರವಕ್ಕೆ ಹಾಕಿ ಹತ್ತು ಹತ್ತು ನಿಮಿಷಕ್ಕೆ ಮಾದರಿ ತೆಗೆಯಬೇಕು. ಪ್ರತಿ ಮಾದರಿಯಲ್ಲೂ ಸಿಎಲ್‌ಬಿ2 ಎಷ್ಟಿದೆ ಎಂದು ಪ್ರತಿಕಾಯದಿಂದ ಗುರುತಿಸಿ, ಪಟ್ಟಿಗಳನ್ನು ಸಾಲಾಗಿ ಇಟ್ಟು ನೋಡಬೇಕು. ಮೊದಲ ಕೆಲವು ಮಾದರಿಗಳು ಖಾಲಿ. ನಂತರ ತೆಳುವಾದ ಗೆರೆ, ಅದು ದಟ್ಟವಾಗುತ್ತದೆ, ಆಮೇಲೆ ಮಸುಕಾಗುತ್ತದೆ. ಪಕ್ಕದಲ್ಲಿ ಸಿಡಿಸಿ28ರ ಪಟ್ಟಿ ಉದ್ದಕ್ಕೂ ಒಂದೇ ಸಮ. ನಾನು ಮೊದಲ ಸಲ ಈ ಪ್ರಯೋಗ ಮಾಡಿದಾಗ ಸರಿಯಾಗಿ ತೊಳೆಯದೆ ಅರ್ಧ ಕೋಶಗಳು ಹಿಂದುಳಿದು ಅಲೆಯೇ ಕಾಣಲಿಲ್ಲ. ಎರಡು ಬಾರಿ ಚೆನ್ನಾಗಿ ತೊಳೆಯಿರಿ.

ಇದಕ್ಕೂ ಕ್ಯಾನ್ಸರ್‌ಗೂ ಏನು ಸಂಬಂಧ?

ನೇರ ಸಂಬಂಧ. ನಮ್ಮ ಕೋಶಗಳಲ್ಲಿ ಸಿಎಲ್‌ಎನ್3ರ ಜಾಗದಲ್ಲಿ ಸೈಕ್ಲಿನ್ ಡಿ ಇದೆ, ಅದರ ಜೊತೆಗಾರರು ಸಿಡಿಕೆ4 ಮತ್ತು ಸಿಡಿಕೆ6. ವ್ಹಿ5ರ ಜಾಗದಲ್ಲಿ ಆರ್‌ಬಿ ಎಂಬ ಪ್ರೋಟೀನ್ ಇದೆ. ಆರ್‌ಬಿ ಮತ್ತು ವ್ಹಿ5ರ ಅಮೈನೋ ಆಮ್ಲಗಳ ಸಾಲಿನಲ್ಲಿ ಹೋಲಿಕೆ ಇಲ್ಲ, ಮಾಡುವ ಕೆಲಸ ಮಾತ್ರ ಒಂದೇ. ಅನೇಕ ಗೆಡ್ಡೆಗಳಲ್ಲಿ ಈ ಹಾದಿಯ ಒಂದಲ್ಲ ಒಂದು ಕೊಂಡಿ ಕಳಚಿರುತ್ತದೆ. ಸಿಡಿಕೆ4 ಮತ್ತು 6ನ್ನು ತಡೆಯುವ ಪಾಲ್ಬೊಸಿಕ್ಲಿಬ್ ಎಂಬ ಔಷಧಿಗೆ 2015ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆಗೆ ಅನುಮತಿ ಸಿಕ್ಕಿತು.

ಆಹಾರ ಮುಗಿದರೆ ಯೀಸ್ಟ್‌ನ ಚಕ್ರ ಎಲ್ಲಿ ನಿಲ್ಲುತ್ತದೆ?

ಸ್ಟಾರ್ಟ್‌ಗೆ ಮೊದಲು. ಸಿಎಲ್‌ಎನ್3 ಹುಟ್ಟಿದ ಕೆಲವೇ ನಿಮಿಷಗಳಲ್ಲಿ ನಾಶವಾಗುವ ಪ್ರೋಟೀನ್. ಆಹಾರ ಕಡಿಮೆಯಾಗಿ ಹೊಸ ಪ್ರೋಟೀನ್ ತಯಾರಿಕೆ ಕುಗ್ಗಿದಾಗ ಮೊದಲು ಬತ್ತುವುದು ಇಂಥ ಅಲ್ಪಾಯುಷಿಗಳೇ. ವ್ಹಿ5ರ ಹಿಡಿತ ಸಡಿಲಾಗುವುದಿಲ್ಲ. ಈಗಾಗಲೇ ಮೊಗ್ಗು ಬಿಟ್ಟಿದ್ದ ಕೋಶಗಳು ಆ ಸುತ್ತನ್ನು ಮುಗಿಸುತ್ತವೆ. ಕೆಲವು ದಿನ ಹಾಗೇ ಬಿಟ್ಟ ದ್ರವದ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಹೆಚ್ಚಿನವು ಮೊಗ್ಗಿಲ್ಲದ ದುಂಡು ಕೋಶಗಳು. ಅದೇ ಹನಿಗೆ ಹೊಸ ಪೋಷಕ ದ್ರವ ಸೇರಿಸಿ ಒಂದೆರಡು ಗಂಟೆಗಳ ಬಳಿಕ ಮತ್ತೆ ನೋಡಿ, ಅಂಚುಗಳಲ್ಲಿ ಮೊಗ್ಗುಗಳು ಮೂಡಿರುತ್ತವೆ.